ರೇಷ್ಮೆ ಹುಳು ಮನೆಗೆ ವೈ-ಫೈ ಸೆನ್ಸರ್: ಅಳತೆಗೆ ನಾಲ್ಕು ಸ್ಟಾರ್, ಜೋಡಣೆಗೆ ಎರಡೇ

ಈ ಡಬ್ಬಿ ಉಷ್ಣಾಂಶ, ತೇವಾಂಶ ಎರಡನ್ನೂ ಚೆನ್ನಾಗಿಯೇ ಅಳೆಯುತ್ತೆ. ಅದರಲ್ಲಿ ನನ್ನ ತಕರಾರಿಲ್ಲ. ತಕರಾರೆಲ್ಲ ಇದನ್ನ ವೈ-ಫೈಗೆ ಸೇರಿಸೋದರಲ್ಲಿ, ಸೇರಿದ ಮೇಲೆ ಅಲ್ಲೇ ಉಳಿಸಿಕೊಳ್ಳೋದರಲ್ಲಿ. ಆನ್‌ಲೈನ್‌ನಲ್ಲಿ ಐದು ಸ್ಟಾರ್ ಕೊಟ್ಟವರ ಫೋಟೋ ನೋಡಿದರೆ ಗೊತ್ತಾಗುತ್ತೆ: ರೂಟರ್ ಹಾಲ್‌ನಲ್ಲಿ, ಸೆನ್ಸರ್ ಪಕ್ಕದ ಬೆಡ್‌ರೂಮಿನಲ್ಲಿ. ನಮ್ಮದು ಭರಮಸಾಗರದ ಹತ್ತಿರ ತೋಟದ ಮನೆ. ಮನೆ ಒಂದು ಕಡೆ, ರೇಷ್ಮೆ ಹುಳು ಮನೆ ಹಿಪ್ಪುನೇರಳೆ ತೋಟದ ಆಚೆ ಇನ್ನೊಂದು ಕಡೆ, ನಡುವೆ ಅರವತ್ತು ಎಪ್ಪತ್ತು ಮೀಟರ್. ಹಾಗಾಗಿ ಇದು ತೋಟದಲ್ಲಿ ಇರೋರಿಗೆ ಬರೆದ ರಿವ್ಯೂ. ಕಂಪನಿ ಹೆಸರು ಹಾಕಿಲ್ಲ, ಯಾಕಂದರೆ ಇದೇ ಬಿಳಿ ಡಬ್ಬಿ ಬೇರೆ ಬೇರೆ ಹೆಸರಲ್ಲಿ ಸಿಗುತ್ತೆ. ಬೆಲೆ ಸಾವಿರ ರೂಪಾಯಿ ಆಸುಪಾಸು.

ಹುಳು ಸಾಕದವರಿಗೆ ಇದೆಲ್ಲ ಯಾಕೆ ಅನ್ನಿಸಬಹುದು. ಹುಳುವಿನ ಒಂದೊಂದು ಹಂತಕ್ಕೂ ಬೇಕಾದ ಹವೆ ಬೇರೆ. ಚಾಕಿ ಹುಳುವಿಗೆ, ಅಂದರೆ ಮೊದಲ ಎರಡು ಹಂತದ ಮರಿ ಹುಳುವಿಗೆ, 27–28 ಡಿಗ್ರಿ ಶಾಖ, 85% ತೇವ. ನಾವು ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ಪೊರೆ ಬಿಡೋ ಹೊತ್ತು) ಮುಗಿಸಿದ ಹುಳು ತರ್ತೀವಿ, ಆ ತಲೆನೋವು ಅವರದ್ದು. ನಮ್ಮ ಕೈಗೆ ಬಂದ ಮೇಲೆ ಮೂರನೇ ಹಂತಕ್ಕೆ 26 ಡಿಗ್ರಿ, 80%. ನಾಲ್ಕಕ್ಕೆ 25 ಡಿಗ್ರಿ, 70–75%. ಐದಕ್ಕೆ 24 ಡಿಗ್ರಿ, 65–70%. ಅಂದರೆ ಹುಳು ದೊಡ್ಡದಾದಂತೆ ತಂಪೂ ಬೇಕು, ಒಣ ಗಾಳಿಯೂ ಬೇಕು. ನಮ್ಮ ದುರ್ಗದ ಕಡೆ ಏಪ್ರಿಲ್ ಮಧ್ಯಾಹ್ನ ಇದನ್ನ ಸಾಧಿಸಿ ನೋಡಿ! ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಛಾವಣಿ ಮೇಲೆ ನೀರು ಬಿಟ್ಟು ಶಾಖ ಇಳಿಸಿದರೆ ತೇವ ಏರಿ ಕೂರುತ್ತೆ. ಶಾಖ ಹೆಚ್ಚಾಗಿ ಗಾಳಿ ಆಡದಿದ್ದರೆ ಸಪ್ಪೆ ರೋಗದ ಭಯ, ಮಳೆಗಾಲದಲ್ಲಿ ತಂಪು ತೇವ ಎರಡೂ ಸೇರಿದರೆ ಸುಣ್ಣಕಟ್ಟು ರೋಗ. ಅದರಲ್ಲೂ ಬಿಳಿ ಗೂಡಿನ ಬೈವೋಲ್ಟೈನ್ ತಳಿಯ ಹುಳು ಮಿಶ್ರತಳಿಯಷ್ಟು ತಡೆಯೋದಿಲ್ಲ.

ಹುಳು ಮನೆ ಗೋಡೆಗೆ ಒಣ ಬಲ್ಬು, ಒದ್ದೆ ಬಲ್ಬು ಇರೋ ಜೋಡಿ ಥರ್ಮಾಮೀಟರ್ ಮೊದಲಿಂದಲೂ ಇದೆ. ಅದು ಸುಳ್ಳು ಹೇಳೋ ಸಾಧನ ಅಲ್ಲ. ಆದರೆ ಬತ್ತಿ ಒಣಗಬಾರದು, ಎರಡೂ ಅಂಕಿ ನೋಡಿ ಕಳೆದು ಪಟ್ಟಿಯಲ್ಲಿ ಹುಡುಕಬೇಕು. ಮುಖ್ಯವಾಗಿ, ನಡುರಾತ್ರಿ ಅದರ ಮುಂದೆ ಯಾರಾದರೂ ಹೋಗಿ ನಿಂತರೆ ತಾನೇ ಅದು ಹೇಳೋದು. ನನಗೆ ಬೇಕಾಗಿದ್ದು ಹಾಸಿಗೆಯಲ್ಲಿ ಇದ್ದುಕೊಂಡೇ ನೋಡೋದು, ಮತ್ತೆ ರಾತ್ರಿ ಪೂರ್ತಿ ಹವೆ ಹೇಗೆ ಏರಿಳೀತು ಅನ್ನೋ ಗೆರೆ.

ಈಗ ಜೋಡಣೆ.

ಜೊತೆಗೆ ಬಂದ ಕಾಗದದಲ್ಲಿ ಇರೋದು ಇಷ್ಟು: ಆ್ಯಪ್ ಹಾಕಿಕೊಳ್ಳಿ, ಬಟನ್ ಐದು ಸೆಕೆಂಡ್ ಒತ್ತಿ, ದೀಪ ಮಿನುಗಿದಾಗ ವೈ-ಫೈ ಪಾಸ್‌ವರ್ಡ್ ಕೊಡಿ, ಆಯ್ತು. ಒಂದು ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "2.4 ಗಿಗಾಹರ್ಟ್ಜ್ ಮಾತ್ರ" ಅಂತ ಇದೆ. ನಿಜಕ್ಕೂ ಅದನ್ನೇ ದಪ್ಪ ಅಕ್ಷರದಲ್ಲಿ ಡಬ್ಬಿ ಮೇಲೆ ಹಾಕಬೇಕಿತ್ತು. ಈಗ ಫೈಬರ್ ಕನೆಕ್ಷನ್ ಜೊತೆ ಬರೋ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಜ್ ಎರಡನ್ನೂ ಒಂದೇ ಹೆಸರಲ್ಲಿ ಬಿಡುತ್ತವೆ. ಫೋನು ವೇಗ ನೋಡಿ 5ಕ್ಕೆ ಅಂಟಿಕೊಳ್ಳುತ್ತೆ. ಈ ಥರದ ಅಗ್ಗದ ಸಾಧನಗಳ ಒಳಗಿನ ರೇಡಿಯೋ ಚಿಪ್‌ಗೆ 5 ಅನ್ನೋದು ಕೇಳಿಸೋದೇ ಇಲ್ಲ. 2014ರಲ್ಲಿ ಬಂದು ಈ ಇಡೀ ಮಾರುಕಟ್ಟೆಯನ್ನ ಅಗ್ಗ ಮಾಡಿದ ಇಎಸ್‌ಪಿ8266 ಚಿಪ್ಪೂ ಹಾಗೇ, ಅದರ ನಂತರದ ಮೂಲ ಇಎಸ್‌ಪಿ32 ಕೂಡ ಹಾಗೇ.

ದೀಪ ಬೇಗ ಬೇಗ ಮಿನುಗೋ ವಿಧಾನದಲ್ಲಿ ಫೋನು ನಿಮ್ಮ ವೈ-ಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಸಂತೆಯಲ್ಲಿ ಕೂಗಿ ಹೇಳಿದ ಹಾಗೆ ಗಾಳಿಯಲ್ಲಿ ಬಿಡುತ್ತೆ, ಸೆನ್ಸರ್ ಅದನ್ನ ಹಿಡ್ಕೋಬೇಕು. ಫೋನು 5ರಲ್ಲಿ ಕೂಗಿದರೆ 2.4ರಲ್ಲಿ ಕಿವಿ ಇಟ್ಟಿರೋ ಸೆನ್ಸರ್‌ಗೆ ಏನು ಕೇಳಿಸಬೇಕು? ಆ್ಯಪ್‌ನಲ್ಲಿ ಚಕ್ರ ತಿರುಗಿ ತಿರುಗಿ ಕೊನೆಗೆ "ಸಾಧನ ಸಿಗಲಿಲ್ಲ" ಅಂತ ಬರುತ್ತೆ. ಯಾಕೆ ಸಿಗಲಿಲ್ಲ ಅಂತ ಒಂದಕ್ಷರ ಇಲ್ಲ. ಸಹಾಯವಾಣಿಯವರು ಹೇಳಿದ್ದೂ ಅಷ್ಟೇ: "ರೀಸ್ಟಾರ್ಟ್ ಮಾಡಿ ಮೇಡಂ."

ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದ್ತಿರೋ ನನ್ನ ಮೈದುನ ಫೋನಲ್ಲೇ ದಾರಿ ಹೇಳಿದ. "ಅತ್ತಿಗೆ, ರೂಟರ್ ಪೇಜ್ ಓಪನ್ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಸರು ಇಡಿ." ರೂಟರ್ ಹಿಂದೆ ಅಂಟಿಸಿರೋ ಚೀಟಿಯಲ್ಲಿ ವಿಳಾಸ, ಪಾಸ್‌ವರ್ಡ್ ಇರುತ್ತೆ, ಹೆಚ್ಚಾಗಿ 192.168.1.1. ಅಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟೆ. ಹೆಸರು, ಪಾಸ್‌ವರ್ಡ್ ಎರಡರಲ್ಲೂ ಜಾಗ ಬಿಡದೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ. ಭದ್ರತೆ ಅನ್ನೋ ಕಡೆ ಡಬ್ಲ್ಯುಪಿಎ3 ಮಾತ್ರ ಅಂತ ಇದ್ದರೆ ಡಬ್ಲ್ಯುಪಿಎ2ಗೆ ಇಳಿಸಿ, ಹಳೆ ಚಿಪ್‌ಗಳಿಗೆ 3 ಗೊತ್ತಿಲ್ಲ. ರೂಟರ್‌ನಲ್ಲಿ ಅತಿಥಿ ನೆಟ್‌ವರ್ಕ್ ಸೌಲಭ್ಯ ಇದ್ದರೆ ಅದನ್ನ 2.4ರಲ್ಲಿ ಮಾತ್ರ ತೆರೆದು ಸೆನ್ಸರ್ ಅಲ್ಲೇ ಇಡೋದು ಇನ್ನೂ ಒಳ್ಳೇದು. ಎಲ್ಲೋ ತಯಾರಾದ ಡಬ್ಬಿಗೆ ನಮ್ಮ ಮನೆ ಫೋನು, ಕಂಪ್ಯೂಟರ್ ಎಲ್ಲ ಕಾಣೋ ಅಗತ್ಯ ಇಲ್ಲ.

ಆದರೂ ನಾನು ಹೇಳೋದು, ಬೇಗ ಮಿನುಗೋ ವಿಧಾನವನ್ನ ಬಿಟ್ಟೇಬಿಡಿ. ಬಟನ್ ಇನ್ನೊಮ್ಮೆ ಒತ್ತಿ ಹಿಡಿದರೆ ದೀಪ ನಿಧಾನ ಮಿನುಗುತ್ತೆ. ಆಗ ಸೆನ್ಸರ್ ತಾನೇ ಒಂದು ಚಿಕ್ಕ ವೈ-ಫೈ ಹುಟ್ಟಿಸುತ್ತೆ. ನೀವು ಫೋನನ್ನ ಅದಕ್ಕೆ ಸೇರಿಸಿ ಪಾಸ್‌ವರ್ಡನ್ನ ನೇರವಾಗಿ ಕೊಡಬಹುದು. ಇಲ್ಲಿ ತೊಂದರೆ ಕೊಡೋದು ನಮ್ಮ ಫೋನೇ. ಆ ವೈ-ಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಹೇಳದೆ ಕೇಳದೆ ಮೊಬೈಲ್ ಡೇಟಾಗೆ ಹಾರುತ್ತೆ, ಕೆಲಸ ಅರ್ಧಕ್ಕೆ ಕೆಡುತ್ತೆ. ಮೊಬೈಲ್ ಡೇಟಾ ಆಫ್ ಮಾಡಿ, ಲೊಕೇಶನ್ ಆನ್ ಮಾಡಿ (ಆಂಡ್ರಾಯ್ಡ್‌ನಲ್ಲಿ ಅದಿಲ್ಲದೆ ಆ್ಯಪ್‌ಗೆ ಸುತ್ತಲಿನ ವೈ-ಫೈ ಪಟ್ಟಿ ಸಿಗಲ್ಲ), "ಇಂಟರ್ನೆಟ್ ಇಲ್ಲ, ಇದರಲ್ಲೇ ಇರಲಾ" ಅಂತ ಕೇಳಿದರೆ ಹೌದು ಅನ್ನಿ. ಹೀಗೆ ಮಾಡಿದಾಗ ಒಂದೇ ಏಟಿಗೆ ಸೇರಿಕೊಳ್ತು. ಈ ಮಾತು ಕಾಗದದಲ್ಲಿ ಎಲ್ಲೂ ಇಲ್ಲ. ಜೋಡಣೆಗೆ ಎರಡೇ ಸ್ಟಾರ್ ಕೊಟ್ಟಿದ್ದು ಇದಕ್ಕೇ.

ಇದೆಲ್ಲ ಆಗಿದ್ದು ಮನೆಯೊಳಗೆ, ರೂಟರ್ ಪಕ್ಕ. ಹುಳು ಮನೆಗೆ ಒಯ್ದರೆ ಕಥೆ ಬೇರೆ. ಬಾಗಿಲಲ್ಲಿ ಫೋನಿಗೆ ಒಂದು ಕಡ್ಡಿ ಬರುತ್ತೆ, ಒಳಗೆ ಅದೂ ಇಲ್ಲ. ಆ್ಯಪ್‌ನ ಸಾಧನದ ಮಾಹಿತಿ ಪುಟದಲ್ಲಿ ಸಿಗ್ನಲ್ ಬಲವನ್ನ ಮೈನಸ್ ಅಂಕಿಯಲ್ಲಿ ತೋರಿಸ್ತಾರೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. ಮೈನಸ್ 65ರ ಸುತ್ತ ಇದ್ದರೆ ನೆಮ್ಮದಿ. 80 ದಾಟಿದರೆ ಸೇರುತ್ತೆ, ಬೀಳುತ್ತೆ, ಸೇರುತ್ತೆ, ಬೀಳುತ್ತೆ. ನಮ್ಮಲ್ಲಿ 84, 86 ತೋರಿಸ್ತಿತ್ತು. ದೂರ ಒಂದೇ ಕಾರಣ ಅಲ್ಲ. ತಗಡಿನ ಶೀಟು, ಕಿಟಕಿಯ ಕಬ್ಬಿಣದ ಜಾಲರಿ ಅಲೆಯನ್ನ ವಾಪಸ್ ಹೊಡೀತವೆ. ನೀರು ಅದನ್ನ ನುಂಗುತ್ತೆ. ಮಧ್ಯಾಹ್ನ ಗೋಣಿ ಒದ್ದೆ ಮಾಡಿದ ಮೇಲೆ ಸಿಗ್ನಲ್ ಇನ್ನೂ ಇಳೀತಿತ್ತು. ಅಂದರೆ ಅಂಕಿ ಅತಿ ಮುಖ್ಯವಾಗಿ ಬೇಕಾದ ಹೊತ್ತಲ್ಲೇ ಸೆನ್ಸರ್ ನಾಪತ್ತೆ.

ಪ್ಲಗ್‌ಗೆ ಸಿಕ್ಕಿಸೋ ವೈ-ಫೈ ಎಕ್ಸ್‌ಟೆಂಡರ್ ಹಾಕಿ ಅಂತ ಅಂಗಡಿಯವರು ಹೇಳ್ತಾರೆ. ಅದು ಇರೋ ಸಿಗ್ನಲನ್ನೇ ಹಿಡಿದು ಮತ್ತೆ ಬಿಡೋದು. ಬಂದಿರೋದೇ ಸತ್ತ ಸಿಗ್ನಲ್ ಆದರೆ ಅದಕ್ಕೆ ಕೆಲಸ ಇಲ್ಲ. ನಾವು ಲ್ಯಾನ್ ಕೇಬಲ್ ಎಳೆದೆವು. ಒಂದೇ ಕೇಬಲನ್ನ ನೂರು ಮೀಟರ್‌ವರೆಗೆ ಧೈರ್ಯವಾಗಿ ಎಳೀಬಹುದು. ಹೊರಗೆ ಹಾಕೋ ಕಪ್ಪು ಹೊದಿಕೆಯ ಕೇಬಲ್ ಕೇಳಿ ತಗೊಳ್ಳಿ, ಒಳಾಂಗಣದ ಬೂದು ಕೇಬಲ್ ನಮ್ಮ ಬಿಸಿಲಿಗೆ ಸೀಳು ಬಿಡುತ್ತೆ. ಮೇಲೆ ಕಟ್ಟಿದರೆ ಆಷಾಢದ ಗಾಳಿಗೆ ಜೋತಾಡುತ್ತೆ, ಬರೀ ನೆಲದಲ್ಲಿ ಹೂತರೆ ಇಲಿ ಬಿಡಲ್ಲ. ಹಳೇ ಡ್ರಿಪ್ ಪೈಪು ಉಳಿದಿತ್ತು, ಅದರೊಳಗೆ ತೂರಿಸಿ ಬದುವಿನ ಪಕ್ಕ ಹೂತೆವು, ಮೋಟರ್ ವೈರಿನಿಂದ ದೂರ. ಕೇಬಲ್ ಆ ತುದಿಗೆ ಮೂಲೆಯಲ್ಲಿ ಬಿದ್ದಿದ್ದ ಹಳೇ ರೂಟರ್. ಅದನ್ನ ರೂಟರ್ ಆಗಿ ಅಲ್ಲ, ಬರೀ ವೈ-ಫೈ ಬಿಡೋ ಕೇಂದ್ರವಾಗಿ ಬಳಸೋದು: ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚೋ ಕೆಲಸ) ಆಫ್ ಮಾಡಬೇಕು, ಅದರ ವಿಳಾಸವನ್ನ ಮನೆ ರೂಟರ್ ವಿಳಾಸಕ್ಕಿಂತ ಬೇರೆ ಮಾಡಬೇಕು, ಕೇಬಲನ್ನ ವ್ಯಾನ್ ಅಂತ ಬರೆದಿರೋ ತೂತಿಗೆ ಹಾಕದೆ ಲ್ಯಾನ್ ತೂತುಗಳಲ್ಲಿ ಒಂದಕ್ಕೆ ಹಾಕಬೇಕು. ಹಳೇ ರೂಟರ್‌ನಲ್ಲಿ 5 ಗಿಗಾಹರ್ಟ್ಜ್ ಇಲ್ಲದೇ ಇದ್ದದ್ದು ಇಲ್ಲಿ ಅನುಕೂಲವೇ ಆಯ್ತು. ಚಾನಲ್ ಮನೆ ರೂಟರ್‌ನಲ್ಲಿ 1 ಇದ್ದರೆ ಇದಕ್ಕೆ 6 ಅಥವಾ 11 ಕೊಡಿ, ಒಂದರ ಮೇಲೊಂದು ಬೀಳಲ್ಲ. ಈಗ ಮೈನಸ್ 58. ಗುಡುಗು ಸಿಡಿಲು ಇದ್ದರೆ ಮಾತ್ರ ಎರಡೂ ತುದಿ ಕಿತ್ತಿಡಿ, ಹೊರಗಿನ ಕೇಬಲ್ ಸಿಡಿಲಿನ ಏಟನ್ನ ನೇರ ಒಳಗೆ ತರುತ್ತೆ.

ಒಟ್ಟು ಖರ್ಚು ಸೆನ್ಸರ್ ಬೆಲೆಯನ್ನ ಮೀರಿತು. ಜಾಹೀರಾತಿನಲ್ಲಿ ಈ ಲೆಕ್ಕ ಇರಲ್ಲ.

ಇನ್ನು ಕರೆಂಟ್. ಕರೆಂಟ್ ಹೋಗಿ ಬಂದಾಗ ಯುಎಸ್‌ಬಿ ಮೇಲೆ ನಡೀತಿರೋ ಸೆನ್ಸರ್ ಕೂಡಲೇ ಎದ್ದು ವೈ-ಫೈ ಹುಡುಕುತ್ತೆ. ರೂಟರ್ ಪೂರ್ತಿ ಎದ್ದೇಳೋಕೆ ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಈ ಪುಣ್ಯಾತ್ಮ ಹುಡುಕಿ ಹುಡುಕಿ ಬೇಜಾರಾಗಿ ಸುಮ್ಮನಾಗಿರ್ತಾನೆ. ಮತ್ತೆ ಯಾವಾಗ ಪ್ರಯತ್ನಿಸ್ತಾನೆ ಅಂತ ಹೇಳೋಕಾಗಲ್ಲ. ಸಾವಿರ ರೂಪಾಯಿ ವಸ್ತುವಿನಲ್ಲಿ ಇದು ತಪ್ಪು ವಿನ್ಯಾಸ ಅಂತಲೇ ನನ್ನ ಅಭಿಪ್ರಾಯ, ನಿಮಿಷಕ್ಕೊಮ್ಮೆ ತಾನಾಗಿ ಹುಡುಕೋ ಹಾಗೆ ಬರೆಯೋದು ದೊಡ್ಡ ಕೆಲಸವೇನಲ್ಲ. ಪರಿಹಾರ ಅಂದರೆ, ಎರಡೂ ರೂಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತೆ. ಕೊಳ್ಳೋ ಮುಂಚೆ ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಲೇ ಇದೆಯಾ ನೋಡಿ, ಕೆಲವು 9 ವೋಲ್ಟ್ ಇರ್ತವೆ.

ಬ್ಯಾಟರಿ ಮೇಲೆ ಇಟ್ಟರೆ ಈ ಕಾಟ ಇಲ್ಲ, ಬೇರೆ ಕಾಟ. ವೈ-ಫೈಗೆ ಕರೆಂಟ್ ಹಸಿವು ಜಾಸ್ತಿ. ಅದಕ್ಕೆ ಬ್ಯಾಟರಿಯಲ್ಲಿ ಸೆನ್ಸರ್ ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತೆ, ಆಗಾಗ ಎದ್ದು ಅಂಕಿ ಕಳಿಸಿ ಮತ್ತೆ ಮಲಗುತ್ತೆ. ಡಬ್ಬಿ ಪರದೆ ಮೇಲೆ 29 ಡಿಗ್ರಿ ಇರುತ್ತೆ, ಫೋನಿನಲ್ಲಿ ಇನ್ನೂ 27. "ಶಾಖ ಮೀರಿದೆ" ಅನ್ನೋ ಎಚ್ಚರಿಕೆ ಬರೋದೂ ಅಷ್ಟೇ ತಡ. ಹುಳು ಮನೆಗೆ ಯುಎಸ್‌ಬಿಯೇ ಸರಿ, ಬ್ಯಾಟರಿ ಒಳಗೆ ಇರಲಿ.

ಆ್ಯಪ್ ಬಗ್ಗೆ ಚಿಕ್ಕದಾಗಿ. ಅಂಕಿ ಹುಳು ಮನೆಯಿಂದ ನೇರ ಫೋನಿಗೆ ಬರಲ್ಲ, ಹೊರಗಿನ ಸರ್ವರ್‌ಗೆ ಹೋಗಿ ಬರುತ್ತೆ. ಇಂಟರ್ನೆಟ್ ಇಲ್ಲದಿದ್ದರೆ ಸೆನ್ಸರ್ ಪಕ್ಕ ನಿಂತಿದ್ದರೂ ಫೋನಿನಲ್ಲಿ ಏನೂ ಇಲ್ಲ. ಅದಕ್ಕೇ ಪರದೆ ಇರೋ ಮಾದರಿಯನ್ನೇ ಕೊಳ್ಳಿ, ನೂರು ರೂಪಾಯಿ ಉಳಿಸೋಕೆ ಪರದೆ ಇಲ್ಲದ್ದು ತಗೋಬೇಡಿ. ಇನ್ನೊಂದು ತಮಾಷೆ: ಶುರುವಿನಲ್ಲಿ ಗ್ರಾಫ್ ಎರಡೂವರೆ ಗಂಟೆ ಮುಂದಿತ್ತು. ಮಧ್ಯಾಹ್ನದ ಶಾಖ ಸಂಜೆ ಐದೂವರೆಗೆ ತುದಿ ಮುಟ್ಟೋದು ನಮ್ಮೂರಲ್ಲಿ ಸಾಧ್ಯವಿಲ್ಲ. ನೋಡಿದರೆ ಅದು ಚೀನಾ ಸಮಯ. ಮನೆ ಸೆಟ್ಟಿಂಗ್‌ನಲ್ಲಿ ಸ್ಥಳ ಬದಲಾಯಿಸಿದರೆ ಸರಿಹೋಗುತ್ತೆ.

ಅಳತೆಯನ್ನ ಪರೀಕ್ಷೆ ಮಾಡದೆ ನಂಬೋ ಜಾತಿ ನಂದಲ್ಲ. ಬಿಎಸ್ಸಿಯಲ್ಲಿ ಕಲಿತಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಷ್ಟು ಮಾತ್ರ ಒದ್ದೆ ಆಗೋ ಹಾಗೆ ಹನಿ ಹನಿ ನೀರು ಬಿಟ್ಟು, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಹಸಿ ಉಪ್ಪಿನ ಮೇಲಿನ ಗಾಳಿ ನಮ್ಮ ಸಾಮಾನ್ಯ ಶಾಖದಲ್ಲಿ 75% ತೇವಕ್ಕೆ ಬಂದು ನಿಲ್ಲುತ್ತೆ. ಬೆಳಿಗ್ಗೆ ಸೆನ್ಸರ್ 72 ತೋರಿಸ್ತು. ಆ್ಯಪ್‌ನಲ್ಲಿ ಮೂರು ಕೂಡಿಸಿ ಸರಿ ಮಾಡೋ ಅವಕಾಶ ಇದೆ. ಈ ಬೆಲೆಗೆ ಮೂರು ಅಂಕ ವ್ಯತ್ಯಾಸ ಮರ್ಯಾದಸ್ತ ಫಲಿತಾಂಶವೇ. ಅತಿ ಅಗ್ಗದ ನೀಲಿ ಬಣ್ಣದ ಡಿಎಚ್‌ಟಿ11 ಸೆನ್ಸರ್ ತಯಾರಕರೇ ಐದು ಅಂಕ ಆಚೀಚೆ, ಎರಡು ಡಿಗ್ರಿ ಆಚೀಚೆ ಅಂತ ಒಪ್ಪಿಕೊಳ್ತಾರೆ. 24 ಮತ್ತು 26ರ ವ್ಯತ್ಯಾಸ ಮುಖ್ಯವಾದ ಕಡೆ ಅದು ಬೇಡ. ಶಾಖದ ಅಂಕಿಯನ್ನ ಗೋಡೆಯ ಒಣ ಬಲ್ಬಿನ ಪಕ್ಕದಲ್ಲಿಟ್ಟು ನೋಡಿದೆ, ಅರ್ಧ ಡಿಗ್ರಿ ಒಳಗೇ ಇತ್ತು.

ಎಲ್ಲಿ ತೂಗುಹಾಕ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಶೀಟಿನ ಕೆಳಗೆ ಮೇಲೆ ಕಟ್ಟಿದರೆ ಶೀಟಿನ ಶಾಖ ಅಳೀತೀರಿ, ಕಿಟಕಿ ಪಕ್ಕ ಇಟ್ಟರೆ ಗೋಣಿಯ ತೇವ. ಹುಳು ಇರೋ ತಟ್ಟಿನ ಮಟ್ಟದಲ್ಲಿ, ಮಧ್ಯದ ಸ್ಟ್ಯಾಂಡಿಗೆ ಕಟ್ಟಿ. ಕೆಳ ತಟ್ಟಿಗೂ ಮೇಲಿನ ತಟ್ಟಿಗೂ ಬೇಸಿಗೆಯಲ್ಲಿ ಎರಡು ಮೂರು ಡಿಗ್ರಿ ಫರಕು ಬರೋದು ಈ ಸೆನ್ಸರ್ ಬಂದ ಮೇಲೇ ನಮಗೆ ಅಂಕಿಯಲ್ಲಿ ಕಂಡಿದ್ದು. ಆಮೇಲೆ ಮೇಲಿನ ತಟ್ಟಿಗೆ ಹುಳು ತೆಳುವಾಗಿ ಹರಡೋಕೆ ಶುರು ಮಾಡಿದ್ವಿ. ಜ್ವರಕ್ಕೆ ಕೂತಾಗ ಸುಣ್ಣ ಎರಚೋ ದಿನ ಡಬ್ಬಿಗೆ ತೆಳು ಬಟ್ಟೆ ಸುತ್ತಿ, ಇಲ್ಲದಿದ್ದರೆ ತೂತು ಮುಚ್ಚಿಹೋಗುತ್ತೆ. ಬೆಳೆ ಮುಗಿದು ಬ್ಲೀಚಿಂಗ್ ಪೌಡರ್, ಫಾರ್ಮಲಿನ್, ಕ್ಲೋರಿನ್ ಡೈಆಕ್ಸೈಡ್ ಏನೇ ಹೊಡೆಯೋ ಮುಂಚೆ ಸೆನ್ಸರ್ ಹೊರಗೆ ತನ್ನಿ. ಬರೀ ಬಟ್ಟೆ ಸುತ್ತಿದರೆ ಸಾಲದು. ತೇವ ಅಳೆಯೋದು ಒಳಗಿನ ಒಂದು ಸೂಕ್ಷ್ಮ ಪ್ಲಾಸ್ಟಿಕ್ ಪದರ. ಈ ಅನಿಲಗಳನ್ನ ಅದು ಹೀರಿಕೊಂಡರೆ ಅಂಕಿ ದಾರಿ ತಪ್ಪುತ್ತೆ, ಕೆಲವು ಸಲ ಶಾಶ್ವತವಾಗಿ. ಸೋಂಕು ನಿವಾರಣೆ ಮಾಡದ ಹುಳು ಮನೆ ಇಲ್ಲವಾದ್ದರಿಂದ ಇದು ನಮ್ಮವರಿಗೆಲ್ಲ ಅನ್ವಯಿಸುತ್ತೆ. ಉಪ್ಪಿನ ಪರೀಕ್ಷೆಯನ್ನ ಬೆಳೆ ಬೆಳೆಗೂ ಮಾಡಿ.

ಪ್ರಯೋಜನ ಆಗಿದ್ದು ಎಲ್ಲಿ ಅಂದರೆ ಚಂದ್ರಿಕೆ (ಹುಳು ಗೂಡು ಕಟ್ಟೋ ತಟ್ಟೆ) ರಾತ್ರಿಗಳಲ್ಲಿ. ಹಣ್ಣು ಹುಳು, ಅಂದರೆ ಮೇವು ಬಿಟ್ಟು ಗೂಡಿಗೆ ತಯಾರಾದ ಹುಳು, ಗೂಡು ಕಟ್ಟೋವಾಗ 60–65% ತೇವ ಇರಬೇಕು, ಗಾಳಿ ಆಡಬೇಕು. ಹುಳು ಉಚ್ಚೆ ಹೊಯ್ದು ಕೋಣೆ ತಾನಾಗೇ ತೇವ ಆಗುತ್ತೆ. ಆಗ ಬಾಗಿಲು ಮುಚ್ಚಿಟ್ಟರೆ ನೂಲು ಸರಿಯಾಗಿ ಬಿಚ್ಚಲ್ಲ, ರಾಮನಗರ ಮಾರುಕಟ್ಟೆಯಲ್ಲಿ ಗೂಡು ಕೈಯಲ್ಲಿ ಹಿಡಿದವರಿಗೆ ಅದು ಗೊತ್ತಾಗಿಬಿಡುತ್ತೆ. ಗ್ರಾಫ್ ನೋಡಿದಾಗ ನಮ್ಮಲ್ಲಿ ರಾತ್ರಿ ಒಂದರಿಂದ ನಾಲ್ಕರವರೆಗೆ 80% ದಾಟ್ತಿತ್ತು. ಚಳಿ ಅಂತ ಮುಚ್ಚೋ ಕಿಟಕಿಗಳಲ್ಲಿ ಎರಡನ್ನ ಈಗ ತೆರೆದಿಡ್ತೀವಿ, ಫ್ಯಾನ್ ಹುಳುವಿಗೆ ನೇರ ಬೀಸದ ಹಾಗೆ ಗೋಡೆ ಕಡೆ ತಿರುಗಿಸಿ. ನಮ್ಮ ಅತ್ತೆ ಮೊದಮೊದಲು "ಹುಳಕ್ಕೂ ಮೊಬೈಲ್ ಕೊಡ್ಸಿದೀಯೇನವ್ವಾ" ಅಂತ ನಗ್ತಿದ್ದರು. ಈಗ ಊಟ ಆದ ಮೇಲೆ "ಎಷ್ಟೈತಿ ನೋಡು" ಅಂತ ಅವರೇ ಕೇಳೋದು.

ಯಾರು ಕೊಳ್ಳಬಹುದು? ಹುಳು ಮನೆ ಮನೆಗೆ ಅಂಟಿಕೊಂಡೇ ಇದ್ದರೆ ಧಾರಾಳವಾಗಿ ಇದನ್ನ ತಗೊಳ್ಳಿ. ಐವತ್ತು ಮೀಟರ್ ದಾಟಿದರೆ ಕೇಬಲ್, ಹಳೇ ರೂಟರ್, ಯುಪಿಎಸ್ ಮೂರನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ನೂರು ಮೀಟರ್ ಮೇಲಿದ್ದರೆ ವೈ-ಫೈ ಮರೆತು ಲೋರಾ ಅನ್ನೋ ರೇಡಿಯೋದವರನ್ನ ವಿಚಾರಿಸಿ. ನಮ್ಮ ದೇಶದಲ್ಲಿ ಅದು 865–867 ಮೆಗಾಹರ್ಟ್ಜ್‌ನಲ್ಲಿ ಲೈಸೆನ್ಸ್ ಇಲ್ಲದೆ ನಡೆಯುತ್ತೆ, ಬಯಲಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ಮುಟ್ಟುತ್ತೆ, ಬ್ಯಾಟರಿಯೂ ಬಹಳ ಕಾಲ ಬರುತ್ತೆ. ಬೆಲೆ ಮಾತ್ರ ಹೆಚ್ಚು, ಮನೆ ಕಡೆ ಅದರ ಸಿಗ್ನಲ್ ಹಿಡಿದು ಇಂಟರ್ನೆಟ್‌ಗೆ ದಾಟಿಸೋ ಒಂದು ಗೇಟ್‌ವೇ ಕೂಡ ಬೇಕು. ಚಂದ್ರಿಕೆ ಕೋಣೆಗೆ ನಮಗೆ ಇನ್ನೊಂದು ಸೆನ್ಸರ್ ಬೇಕಾಗಿದೆ. ಕರೆಂಟ್ ಬಂದ ಮೇಲೆ ತಾನಾಗಿ ಸೇರಿಕೊಳ್ಳೋದು, ಕಳೆದುಹೋದ ಹೊತ್ತಿನ ಅಂಕಿಯನ್ನ ಒಳಗೇ ಉಳಿಸಿಕೊಂಡು ಆಮೇಲೆ ಕಳಿಸೋದು ಯಾರ ಹತ್ತಿರವಾದರೂ ಇದ್ದರೆ ಕೆಳಗೆ ಬರೀರಿ. ಎರಡು ಸಾವಿರದವರೆಗೆ ಕೊಡೋಕೆ ತಯಾರಿದೀನಿ.